ಕುದುರೆಯ ಕವಚದ ಕಥೆ

ನಮ್ಮ ಹಳೆಯ ಮನೆಗಳಲ್ಲಿ ಚೆನ್ನೆಮಣೆಯೊಂದು ಇದ್ದೇ ಇರುತ್ತಿತ್ತು. ಬಡಗಿಯಿಂದ ಒಮ್ಮೆ ಮಾಡಿಸಿದರೆ ಅದು ಅಜ್ಜಿಯಿಂದ ಮೊಮ್ಮಗಳಿಗೆ ಬರುತ್ತಿತ್ತು. ಹದಿನಾಲ್ಕು ಗುಳಿ, ಒಂದು ಹಿಡಿ ಹುಣಿಸೆಯ ಬೀಜ, ಇಷ್ಟಿದ್ದರೆ ಆಟಕ್ಕೆ ಇನ್ನೇನೂ ಬೇಕಿರಲಿಲ್ಲ. ಆಟ ಬಿರುಸಾಗಿ ನಡೆದಿರುವಾಗ ಅದೇ ಬಡಗಿ ಬಾಗಿಲಲ್ಲಿ ಬಂದು ನಿಂತು, “ಏಳನೆಯ ಗುಳಿಯನ್ನು ಬಳಸಬೇಕಾದರೆ ಇನ್ನೆರಡು ರೂಪಾಯಿ ಕೊಡಿ” ಎಂದು ಕೇಳಿದ್ದರೆ, ಮನೆಯ ಹಿರಿಯಳು ಏನು ಹೇಳುತ್ತಿದ್ದಳೆಂಬುದನ್ನು ಊಹಿಸುವುದು ಕಷ್ಟವಲ್ಲ. ಈ ಮಾತು ನಗೆಚಾಟಿಕೆಯಂತೆ ತೋರಬಹುದು. ಆದರೆ ಇಂದು ಲೋಕದ ನಾನಾ ದೇಶಗಳಲ್ಲಿ ಕೋಟ್ಯಂತರ ಜನ ಆಡುತ್ತಿರುವ ವಿಡಿಯೋ ಆಟಗಳಲ್ಲಿ ಬಡಗಿಯು ಬಾಗಿಲಲ್ಲಿ ನಿಂತೇ ಇದ್ದಾನೆ. ಅವನು ಅಲ್ಲಿಗೆ ಹೇಗೆ ಬಂದ, ಅವನನ್ನು ಕಂಡು ಆಟಗಾರರಿಗೆ ಸಿಟ್ಟೇಕೆ, ಆ ಸಿಟ್ಟಿನಿಂದ ಯಾವ ಯಾವ ದೇಶಗಳ ಕಾಯಿದೆಗಳು ಅಲುಗಾಡಿದುವು ಎಂಬುದಕ್ಕೆ ಒಂದು ಚರಿತ್ರೆಯಿದೆ. ಅದನ್ನು ಇಲ್ಲಿ ಸ್ಥೂಲವಾಗಿ ನೋಡೋಣ.

ಮೊದಲೇ ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. ವಿಡಿಯೋ ಆಟವು ಹುಟ್ಟಿದ್ದೇ ಕಾಸಿನ ಪೆಟ್ಟಿಗೆಯ ಪಕ್ಕದಲ್ಲಿ. 1972ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಸನ್ನಿವೇಲ್ ಎಂಬ ಊರಿನ ಪಾನಗೃಹವೊಂದರಲ್ಲಿ ಅಟಾರಿ ಕಂಪೆನಿಯವರು ‘ಪಾಂಗ್’ ಎಂಬ ಯಂತ್ರವನ್ನು ಪರೀಕ್ಷೆಗೆಂದು ಇಟ್ಟರು. ತೆರೆಯ ಮೇಲೆ ಎರಡು ಗೆರೆಗಳು, ನಡುವೆ ಹಾರಾಡುವ ಒಂದು ಚುಕ್ಕಿ. ಟೆನಿಸ್ ಆಟದ ಅಣಕವೆಂದರೂ ಸಲ್ಲುತ್ತದೆ. ಕಾಲು ಡಾಲರಿನ ನಾಣ್ಯ ಹಾಕಿದರೆ ಆಟ. ಕೆಲವು ದಿನಗಳಲ್ಲಿ ಯಂತ್ರ ಕೆಟ್ಟಿತೆಂಬ ದೂರು ಬಂದಿತು. ಹೋಗಿ ನೋಡಿದರೆ ಕೆಟ್ಟಿದ್ದುದು ಯಂತ್ರವಲ್ಲ, ನಾಣ್ಯಗಳು ಬೀಳುವ ಡಬ್ಬಿಯೇ ತುಂಬಿ ತುಳುಕಿ, ಮುಂದಿನ ನಾಣ್ಯಕ್ಕೆ ಎಡೆಯಿಲ್ಲದಂತಾಗಿತ್ತು! ಆಟದ ಉದ್ಯಮದ ಭವಿಷ್ಯವನ್ನು ಆ ಡಬ್ಬಿ ಅಂದೇ ನುಡಿದಿತ್ತೆನ್ನಬಹುದು. 1978ರಲ್ಲಿ ಜಪಾನಿನ ಟೈಟೋ ಕಂಪೆನಿಯ ‘ಸ್ಪೇಸ್ ಇನ್ವೇಡರ್ಸ್’, 1980ರಲ್ಲಿ ನಾಮ್ಕೋ ಕಂಪೆನಿಯ ‘ಪ್ಯಾಕ್‌ಮ್ಯಾನ್’ ಬಂದು ಈ ಯಂತ್ರಗಳನ್ನು ಲೋಕದ ಉದ್ದಗಲಕ್ಕೂ ಹರಡಿದುವು.

ಆದರೆ ಅಂದಿನ ಒಪ್ಪಂದ ಸ್ಪಷ್ಟವಾಗಿದ್ದಿತು. ಒಂದು ನಾಣ್ಯಕ್ಕೆ ಒಂದು ಆಟ. ಕುಶಲನಾದವನು ಒಂದೇ ನಾಣ್ಯದಲ್ಲಿ ಗಂಟೆಗಟ್ಟಲೆ ಆಡಬಹುದು. ಹೊಸಬನು ಎರಡು ನಿಮಿಷದಲ್ಲಿ ಹೊರಬೀಳಬಹುದು. ಕೈಚಳಕಕ್ಕೆ ಬೆಲೆಯಿತ್ತು. ಜಾತ್ರೆಯಲ್ಲಿ ತೊಟ್ಟಿಲೇರಲು ಕಾಸು ಕೊಟ್ಟಂತೆ ಇಲ್ಲಿಯೂ ಕೊಟ್ಟರು, ಆಡಿದರು, ಹೊರಟರು. ಯಾರಿಗೂ ಮೋಸಹೋದೆವೆಂಬ ಭಾವನೆ ಬರಲಿಲ್ಲ.

ಈ ಒಪ್ಪಂದದಲ್ಲಿ ಮೊದಲ ಬಿರುಕು ಕಾಣಿಸಿಕೊಂಡುದು 1985ರ ‘ಗಾಂಟ್ಲೆಟ್’ ಎಂಬ ಆಟದಲ್ಲಿ. ನಾಲ್ವರು ಏಕಕಾಲದಲ್ಲಿ ಆಡಬಹುದಾದ ಸೊಗಸಾದ ಆಟವದು. ಆದರೆ ಅದರಲ್ಲಿ ಆಟಗಾರನ ಪ್ರಾಣಶಕ್ತಿಯು ಶತ್ರುವಿನ ಪೆಟ್ಟಿನಿಂದ ಮಾತ್ರವಲ್ಲ, ಸುಮ್ಮನೆ ಕಾಲ ಕಳೆದಂತೆಯೂ ಇಳಿಯುತ್ತಿತ್ತು. ಇನ್ನೊಂದು ನಾಣ್ಯ ಹಾಕಿದರೆ ಶಕ್ತಿ ಮತ್ತೆ ಏರುತ್ತಿತ್ತು. ಎಂದರೆ, ಎಷ್ಟು ಚೆನ್ನಾಗಿ ಆಡಿದರೂ ಗಡಿಯಾರವು ನಿಮ್ಮ ಜೇಬಿನ ಕಡೆಗೇ ಓಡುತ್ತಿತ್ತು. 1990ರ ‘ಡಬಲ್ ಡ್ರ್ಯಾಗನ್ 3’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆಟದೊಳಗೇ ಒಂದು ಅಂಗಡಿ; ಒಳಹೊಕ್ಕು ನಿಜವಾದ ನಾಣ್ಯ ಹಾಕಿದರೆ ಹೊಸ ಆಯುಧ, ಹೊಸ ವರಸೆ, ಹೊಸ ಜಟ್ಟಿ. ಇಂದಿನ ವ್ಯಾಪಾರದ ಮುತ್ತಜ್ಜನನ್ನು ಹುಡುಕುವವರು ಈ ಅಂಗಡಿಯ ಬಾಗಿಲಿಗೆ ಹೋಗಬೇಕು.

ಅಷ್ಟರಲ್ಲಿ ಆಟವು ಪಾನಗೃಹವನ್ನು ಬಿಟ್ಟು ಮನೆಗೆ ಬಂದಿತ್ತು. 1977ರಲ್ಲಿ ಅಟಾರಿಯ ಮನೆಯಂತ್ರ, 1983ರಲ್ಲಿ ಜಪಾನಿನಲ್ಲಿ ನಿಂಟೆಂಡೋ ಕಂಪೆನಿಯ ‘ಫ್ಯಾಮಿಕಾಮ್’ ಬಂದುವು. ಇಲ್ಲಿ ವ್ಯವಹಾರದ ರೀತಿಯೇ ಬೇರೆ. ಒಂದು ಕಾರ್ಟ್ರಿಜ್‌ಗೆ ಒಮ್ಮೆ ಬೆಲೆ ತೆತ್ತರೆ ಆ ಆಟ ನಿಮ್ಮದು. ಅದನ್ನು ನೂರು ಸಲ ಆಡಿ, ಗೆಳೆಯನಿಗೆ ಎರವಲು ಕೊಡಿ, ಬೇಸರವಾದರೆ ಮಾರಿಬಿಡಿ. ತಯಾರಕನಿಗೂ ಇದರಲ್ಲಿ ಒಂದು ಕಟ್ಟುಪಾಡಿತ್ತು. ಅಂಗಡಿಯಿಂದ ಹೊರಟ ಕಾರ್ಟ್ರಿಜ್‌ನ್ನು ಆಮೇಲೆ ತಿದ್ದುವಂತಿರಲಿಲ್ಲ. ಆದುದರಿಂದ ಅದು ಪೂರ್ಣವಾಗಿರಲೇಬೇಕಿತ್ತು. 1990ರ ದಶಕದಲ್ಲಿ ಕಂಪ್ಯೂಟರ್ ಆಟಗಳಿಗೆ ‘ವಿಸ್ತರಣೆ’ಗಳು ಬಂದುವು. 1998ರಲ್ಲಿ ಬಂದ ‘ಸ್ಟಾರ್‌ಕ್ರಾಫ್ಟ್’ ಆಟಕ್ಕೆ ಅದೇ ವರ್ಷ ‘ಬ್ರೂಡ್ ವಾರ್’ ಎಂಬ ವಿಸ್ತರಣೆ ಬಂದಾಗ ಜನ ಮುಗಿಬಿದ್ದು ಕೊಂಡರು. ಮೂರು ಪಂಗಡಗಳಿಗೂ ಹೊಸ ಕಥೆ, ಹೊಸ ಸೈನ್ಯ, ಹೊಸ ರಂಗಭೂಮಿ ಅದರಲ್ಲಿ ಇದ್ದುವು. ಕಾದಂಬರಿಯ ಎರಡನೆಯ ಭಾಗಕ್ಕೆ ಓದುಗ ಸಂತೋಷದಿಂದ ಹಣ ಕೊಡುವುದಿಲ್ಲವೆ? ಇದೂ ಹಾಗೆಯೇ. ಹೆಚ್ಚಿನದಕ್ಕೆ ಹೆಚ್ಚು ಹಣ ಕೊಡಲು ಆಟಗಾರನು ಎಂದೂ ಹಿಂದೆಗೆದವನಲ್ಲ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು.

ಇನ್ನು ಕುದುರೆಯ ಕವಚದ ಮಾತಿಗೆ ಬರೋಣ. ಮೈಕ್ರೋಸಾಫ್ಟ್ ಕಂಪೆನಿಯ ‘ಎಕ್ಸ್‌ಬಾಕ್ಸ್ 360’ ಎಂಬ ಯಂತ್ರವು 2005ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದಿತು. ಅದರಲ್ಲಿ ಅಂತರಜಾಲದ ಮೂಲಕ ಸರಕು ಕೊಳ್ಳುವ ಅಂಗಡಿಯಿತ್ತು. 2006ರ ಮಾರ್ಚಿಯಲ್ಲಿ ಬೆಥೆಸ್ಡಾ ಸಂಸ್ಥೆಯವರು ‘ಆಬ್ಲಿವಿಯನ್’ ಎಂಬ ಮಹಾಕಾವ್ಯದಂಥ ಆಟವನ್ನು ಹೊರತಂದರು. ವಿಶಾಲವಾದ ಕಲ್ಪಿತ ರಾಜ್ಯ, ಅದರಲ್ಲಿ ಕುದುರೆಯೇರಿ ಎಲ್ಲಿಗೆ ಬೇಕಾದರೂ ಹೋಗುವ ಸ್ವಾತಂತ್ರ್ಯ, ಆಟಗಾರರು ಮರುಳಾದರು. ಎರಡು ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 3ರಂದು, ಅದೇ ಸಂಸ್ಥೆಯು ಆ ಕುದುರೆಗೆ ತೊಡಿಸುವ ಕವಚವೊಂದನ್ನು ಪ್ರತ್ಯೇಕವಾಗಿ ಮಾರಾಟಕ್ಕಿಟ್ಟಿತು. ಬೆಲೆ ಎರಡೂವರೆ ಡಾಲರ್. ಕುದುರೆಯ ನೋಟ ಬದಲಾಗುವುದೇ ಅದರ ಮುಖ್ಯ ಪ್ರಯೋಜನ. ಆನೆಯನ್ನು ಮಾರಿದವನು ಅಂಕುಶಕ್ಕೆ ಜಗಳವಾಡಿದನೆಂಬ ಮಾತು ನಮ್ಮಲ್ಲಿದೆ. ಇಲ್ಲಿ ಮಾರಿದ್ದು ಆನೆಯಲ್ಲ, ಕುದುರೆ; ಅಷ್ಟೇ ವ್ಯತ್ಯಾಸ.

ಎರಡೂವರೆ ಡಾಲರ್ ಎಂದೆನಲ್ಲ, ಅದೂ ನೇರವಾಗಿ ಹಾಗಿರಲಿಲ್ಲ. ಅಂಗಡಿಯ ಫಲಕದಲ್ಲಿದ್ದುದು ‘200 ಪಾಯಿಂಟ್’ ಎಂದು. ಡಾಲರಿಗೆ 80 ಪಾಯಿಂಟ್‌ಗಳ ಲೆಕ್ಕ. ಸುಲಭವಾಗಿ ನೂರು ಎಂದಿಡಬಹುದಿತ್ತು, ಇಡಲಿಲ್ಲ. ಕವಚಕ್ಕೆ 200 ಬೇಕಾದರೂ 200ನ್ನೇ ಕೊಳ್ಳುವಂತಿರಲಿಲ್ಲ. 500, 1000 ಎಂಬ ಕಟ್ಟುಗಳಲ್ಲಿ ಕೊಳ್ಳಬೇಕು. ಉಳಿದ 300 ಪಾಯಿಂಟ್ ನಿಮ್ಮ ಖಾತೆಯಲ್ಲಿ ಬಿದ್ದುಕೊಂಡು, ಇನ್ನೇನನ್ನಾದರೂ ಕೊಂಡುಕೊಳ್ಳೆಂದು ಕರೆಯುತ್ತಿರುತ್ತದೆ. ಮೈಕ್ರೋಸಾಫ್ಟ್ ಈ ಪಾಯಿಂಟ್‌ಗಳನ್ನು 2013ರಲ್ಲಿ ಕೈಬಿಟ್ಟಿತು. ಆದರೆ ರತ್ನ, ಹರಳು, ನಾಣ್ಯ, ಕೀಲಿ ಎಂಬ ನಾನಾ ಹೆಸರುಗಳಲ್ಲಿ ಈ ಸುಳ್ಳು ನಾಣ್ಯದ ಪದ್ಧತಿಯು ಇಂದಿಗೂ ನೂರಾರು ಆಟಗಳಲ್ಲಿದೆ. ನಿಜವಾದ ಹಣವು ಕಣ್ಣಿಗೆ ಮರೆಯಾದೊಡನೆ ಖರ್ಚಿನ ನೋವೂ ಮರೆಯಾಗುತ್ತದೆ ಎಂಬ ಮರ್ಮವನ್ನು ವ್ಯಾಪಾರಿಗಳು ಚೆನ್ನಾಗಿ ಅರಿತಿದ್ದಾರೆ.

ಕವಚವನ್ನು ಕಂಡು ಆಟಗಾರರು ನಕ್ಕರು, ಬೈದರು, ಅಣಕಿಸಿದರು. ಆದರೂ ಕೊಂಡವರಿಗೇನೂ ಕಡಮೆಯಿರಲಿಲ್ಲ. ತಯಾರಕರೂ ಆ ನಗೆಯಲ್ಲಿ ಸೇರಿಕೊಂಡರು. 2009ರ ಏಪ್ರಿಲ್ ಒಂದರಂದು ಉಳಿದ ಸರಕುಗಳ ಬೆಲೆಯನ್ನು ಅರ್ಧಕ್ಕಿಳಿಸಿ, ಕುದುರೆಯ ಕವಚದ ಬೆಲೆಯನ್ನು ಮಾತ್ರ ಇಮ್ಮಡಿ ಮಾಡಿದರು! ಅದೇ ಸಂಸ್ಥೆ ಅದೇ ಆಟಕ್ಕೆ 2007ರಲ್ಲಿ ‘ಶಿವರಿಂಗ್ ಐಲ್ಸ್’ ಎಂಬ ದೊಡ್ಡ ವಿಸ್ತರಣೆಯನ್ನು ಮೂವತ್ತು ಡಾಲರಿಗೆ ತಂದಾಗ ಯಾರೂ ಇಷ್ಟು ನಗಲಿಲ್ಲ. ಕವಚದ ಹನ್ನೆರಡು ಪಟ್ಟು ಬೆಲೆ, ಆದರೂ ಮೆಚ್ಚುಗೆ. ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆಟಗಾರರ ಕೋಪ ಬೆಲೆಯ ಮೊತ್ತದ ಮೇಲಲ್ಲ. ಕೊಟ್ಟ ಬೆಲೆಗೆ ಬಂದುದು ಏನು, ತನ್ನನ್ನು ಗಿರಾಕಿಯೆಂದು ಕಂಡರೋ ದಡ್ಡನೆಂದು ಕಂಡರೋ ಎಂಬುದರ ಮೇಲೆ.

ಮುಂದಿನ ಹತ್ತು ವರ್ಷಗಳಲ್ಲಿ ಈ ಕೋಪಕ್ಕೆ ಮೂರು ಬಗೆಯ ಕಾರಣಗಳು ಕೂಡಿಬಂದುವು. ಒಂದೊಂದನ್ನೂ ಬಿಡಿಸಿ ನೋಡಬೇಕು.

ಮೊದಲನೆಯದು, ಇಡಿಯಾದುದನ್ನು ಕತ್ತರಿಸಿ ಮಾರುವುದು. 2012ರ ಮಾರ್ಚಿಯಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪೆನಿಯ ‘ಸ್ಟ್ರೀಟ್ ಫೈಟರ್ ಎಕ್ಸ್ ಟೆಕ್ಕೆನ್’ ಬಂದಿತು. ಪೂರ್ಣ ಬೆಲೆ ಕೊಟ್ಟು ತಟ್ಟೆಯನ್ನು ಮನೆಗೊಯ್ದವರಿಗೆ ತಿಳಿದುಬಂದ ಸಂಗತಿ ಇದು: ಹನ್ನೆರಡು ಜಟ್ಟಿಗಳು ಆ ತಟ್ಟೆಯೊಳಗೇ ಇದ್ದಾರೆ, ಆದರೆ ಬೀಗ ಹಾಕಿದೆ, ಬೀಗ ತೆಗೆಯಲು ಬೇರೆ ಹಣ. ಅದೇ ತಿಂಗಳು ‘ಮಾಸ್ ಎಫೆಕ್ಟ್ 3’ ಎಂಬ ಪ್ರಸಿದ್ಧ ಆಟ ಹೊರಬಿದ್ದ ದಿನವೇ, ಅದರ ಕಥೆಯ ರಹಸ್ಯಕ್ಕೆ ನೇರವಾಗಿ ಸಂಬಂಧಿಸಿದ ಪಾತ್ರವೊಂದನ್ನು ಹತ್ತು ಡಾಲರಿಗೆ ಪ್ರತ್ಯೇಕವಾಗಿ ಮಾರಿದರು. ನಾಟಕದ ಟಿಕೇಟು ಕೊಂಡು ಒಳಗೆ ಕುಳಿತವನಿಗೆ, ವಿದುರನ ಪಾತ್ರ ನೋಡಬೇಕಾದರೆ ಇನ್ನೆಂಟಾಣೆ ಎಂದಂತಾಯಿತು. ವಿದುರನಿಲ್ಲದೆಯೂ ನಾಟಕ ನಡೆದೀತು. ಆದರೆ ಅವನು ಪರದೆಯ ಹಿಂದೆ ವೇಷ ಕಟ್ಟಿ ಕುಳಿತಿದ್ದಾನೆಂದು ತಿಳಿದ ಮೇಲೆ ಪ್ರೇಕ್ಷಕನ ಮನಸ್ಸು ನಾಟಕದಲ್ಲಿ ನಿಲ್ಲುವುದೆ?

ಎರಡನೆಯದು, ತೊಂದರೆಯನ್ನು ತಾವೇ ಹುಟ್ಟಿಸಿ, ಅದರ ಪರಿಹಾರವನ್ನು ತಾವೇ ಮಾರುವುದು. 2009ರ ಅಕ್ಟೋಬರಿನಲ್ಲಿ ಆಪಲ್ ಕಂಪೆನಿಯು ತನ್ನ ಫೋನಿನಲ್ಲಿ ಉಚಿತವಾಗಿ ಸಿಗುವ ಆಟಗಳೊಳಗೂ ಸರಕು ಮಾರಲು ಅನುಮತಿ ಕೊಟ್ಟಿತು. ಅಲ್ಲಿಂದ ‘ಉಚಿತ’ ಎಂಬ ಪದದ ಅರ್ಥವೇ ಬದಲಾಯಿತು. 1997ರಲ್ಲಿ ‘ಡಂಜನ್ ಕೀಪರ್’ ಎಂಬ ಆಟವಿತ್ತು. ನೆಲದಡಿ ಸುರಂಗ ತೋಡಿ ಕೋಟೆ ಕಟ್ಟುವ ಆಟ. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪೆನಿಯವರು ಅದನ್ನು 2014ರಲ್ಲಿ ಫೋನಿಗೆ ತಂದು ಉಚಿತವೆಂದು ಸಾರಿದರು. ಆಡಲು ಕುಳಿತರೆ, ಕೆಲವು ಕಲ್ಲುಗಳನ್ನು ಅಗೆಯಲು ನಾಲ್ಕು ಗಂಟೆ, ಗಟ್ಟಿ ಕಲ್ಲಿಗೆ ಇಪ್ಪತ್ತನಾಲ್ಕು ಗಂಟೆ ಕಾಯಬೇಕು. ಕಾಯಲಾರದವರು ಹಣ ಕೊಟ್ಟು ರತ್ನ ಕೊಳ್ಳಬೇಕು. ಹಳೆಯ ಆಟದಲ್ಲಿ ಈ ಕಾಯುವಿಕೆ ಇರಲಿಲ್ಲ. ಅದನ್ನು ಕೂಡಿಸಿದುದೇ ಮಾರಾಟಕ್ಕಾಗಿ. ಆ ವರ್ಷದ ಜುಲೈಯಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಯು, ಇಂಥ ಆಟವನ್ನು ಹೀಗೆ ಉಚಿತವೆಂದು ಸಾರುವುದು ದಾರಿ ತಪ್ಪಿಸುವ ಮಾತೆಂದು ತೀರ್ಪಿತ್ತಿತು. ಬೆಟ್ಟದ ದಾರಿಗೆ ಅಡ್ಡಲಾಗಿ ಬಂಡೆ ಉರುಳಿಸಿ, ಪಕ್ಕದಲ್ಲೇ ಹಾರೆ ಬಾಡಿಗೆಗೆ ಕೊಡುವವನ ಉಪಕಾರವನ್ನು ಯಾರು ತಾನೆ ಮೆಚ್ಚಿಯಾರು?

ಮೂರನೆಯದೇ ಎಲ್ಲಕ್ಕಿಂತ ಗಂಭೀರವಾದುದು. ಅದು, ಏನು ಸಿಗುತ್ತದೆಂಬುದನ್ನು ಹೇಳದೆ ಮಾರುವುದು. ನಮ್ಮ ಹಳ್ಳಿಯ ಗೂಡಂಗಡಿಗಳಲ್ಲಿ ಮಕ್ಕಳು ಕಾಸು ಕೊಟ್ಟು ಹಲಗೆಯಿಂದ ಚೀಟಿ ಹರಿಯುತ್ತಿದ್ದುದನ್ನು ನೆನೆಯಿರಿ. ಒಬ್ಬನಿಗೆ ಪೆಪ್ಪರಮಿಂಟು, ಇನ್ನೊಬ್ಬನಿಗೆ ಪೀಪಿ; ಮೇಲೆ ನೇತಾಡುವ ದೊಡ್ಡ ಚೆಂಡು ಮಾತ್ರ ಯಾರಿಗೂ ಬರದು. ಜಪಾನಿನಲ್ಲಿ ಕಾಸು ಹಾಕಿ ಹಿಡಿಕೆ ತಿರುಗಿಸಿದರೆ ಆಟಿಕೆ ಉದುರುವ ಯಂತ್ರಗಳಿಗೆ ‘ಗಾಚಾ’ ಎಂದು ಹೆಸರು. ಇದೇ ಹೆಸರು ಫೋನಿನ ಆಟಗಳಿಗೂ ಬಂದಿತು. ಅದರ ಅತ್ಯಂತ ಕಠೋರವಾದ ರೂಪದಲ್ಲಿ, ಅದೃಷ್ಟದಿಂದ ಬರುವ ಹಲವು ಚೀಟಿಗಳ ಒಂದು ಪೂರ್ಣ ಕಟ್ಟು ಸೇರಿದರೆ ಮಾತ್ರ ಅಪರೂಪದ ಬಹುಮಾನ. ಕೊನೆಯ ಒಂದು ಚೀಟಿಗಾಗಿ ಜನ ಮತ್ತೆ ಮತ್ತೆ ಹಣ ಸುರಿಯುತ್ತಿದ್ದರು. 2012ರ ಮೇ ತಿಂಗಳಲ್ಲಿ ಜಪಾನ್ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ಈ ಒಂದು ಬಗೆಯು ಕಾಯಿದೆಗೆ ವಿರುದ್ಧವೆಂದು ಹೇಳಿತು. ಆ ಸುದ್ದಿಗೇ ಅಲ್ಲಿನ ಗ್ರೀ, ಡಿ.ಎನ್.ಎ. ಎಂಬ ದೊಡ್ಡ ಕಂಪೆನಿಗಳ ಷೇರುಗಳು ಕುಸಿದುವು. ಅವರ ಆದಾಯದ ಬೇರು ಎಲ್ಲಿತ್ತೆಂಬುದು ಇದರಿಂದ ಬಯಲಾಯಿತು.

ಅಮೆರಿಕ, ಯೂರೋಪುಗಳಲ್ಲಿ ಇದಕ್ಕೆ ‘ಲೂಟ್ ಬಾಕ್ಸ್’ ಎಂದು ಹೆಸರು, ಎಂದರೆ ಕೊಳ್ಳೆಯ ಪೆಟ್ಟಿಗೆ. ಹೆಸರೇನೋ ಸಾರ್ಥಕವಾಗಿದೆ, ಕೊಳ್ಳೆ ಯಾರದು ಎಂಬುದೇ ಪ್ರಶ್ನೆ! 2010ರಲ್ಲಿ ವಾಲ್ವ್ ಕಂಪೆನಿಯು ‘ಟೀಮ್ ಫೋರ್ಟ್ರೆಸ್ 2’ ಎಂಬ ಆಟದಲ್ಲಿ ಮುಚ್ಚಿದ ಪೆಟ್ಟಿಗೆಗಳನ್ನು ಆಟಗಾರರಿಗೆ ಬಿಟ್ಟಿಯಾಗಿ ಕೊಟ್ಟು, ಕೀಲಿಯನ್ನು ಮಾತ್ರ ಸುಮಾರು ಎರಡೂವರೆ ಡಾಲರಿಗೆ ಮಾರಿತು. ಪೆಟ್ಟಿಗೆ ಕೈಯಲ್ಲಿದೆ, ಒಳಗೇನಿದೆಯೋ ತಿಳಿಯದು. ಮನುಷ್ಯನ ಕುತೂಹಲವೇ ಮಾರಾಟಗಾರ. ಇದರ ಹಿಂದಿನ ಮನಶ್ಶಾಸ್ತ್ರವೇನೂ ಹೊಸದಲ್ಲ. ಸ್ಕಿನ್ನರ್ ಎಂಬ ಅಮೆರಿಕದ ವಿಜ್ಞಾನಿಯು ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳ ವಿವರವು 1957ರಲ್ಲಿಯೇ ಪುಸ್ತಕರೂಪದಲ್ಲಿ ಬಂದಿತ್ತು. ಕುಟುಕಿದಾಗಲೆಲ್ಲ ಕಾಳು ಬಿದ್ದರೆ ಹಕ್ಕಿ ಹೊಟ್ಟೆ ತುಂಬಿದೊಡನೆ ಸುಮ್ಮನಾಗುತ್ತದೆ. ಯಾವಾಗ ಬೀಳುವುದೋ ಹೇಳಲಾಗದಂತೆ ಬಿದ್ದರೆ ಎಡೆಬಿಡದೆ ಕುಟುಕುತ್ತದೆ. ಜೂಜಿನ ಯಂತ್ರದ ಮುಂದೆ ಕುಳಿತವನ ಸ್ಥಿತಿ ಇದೇ. ಪೆಟ್ಟಿಗೆಯ ಮುಂದೆ ಕುಳಿತ ಬಾಲಕನ ಸ್ಥಿತಿಯೂ ಇದೇ.

ಈ ಮೂರು ಕಾರಣಗಳೂ ಒಂದೇ ಕಡೆ ಸೇರಿದುದು 2017ರ ನವೆಂಬರಿನಲ್ಲಿ, ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಎಂಬ ಆಟದಲ್ಲಿ. ಪ್ರಸಿದ್ಧ ಚಲನಚಿತ್ರಗಳ ಕಥೆಯನ್ನು ಆಧರಿಸಿದ ಈ ಆಟದ ಬೆಲೆ ಅರವತ್ತು ಡಾಲರ್. ವಿಶೇಷ ಪ್ರತಿಗೆ ಎಂಬತ್ತು. ಇಷ್ಟು ಕೊಟ್ಟು ಬಂದವನಿಗೆ ಚಿತ್ರದ ಮುಖ್ಯ ಪಾತ್ರವಾದ ಡಾರ್ತ್ ವೇಡರ್ ದೊರೆಯಲಿಲ್ಲ. ಅವನನ್ನು ಪಡೆಯಲು ಆಟದಲ್ಲಿ 60,000 ಅಂಕಗಳನ್ನು ಗಳಿಸಬೇಕು. ಒಬ್ಬ ಆಟಗಾರನು ಕುಳಿತು ಲೆಕ್ಕ ಹಾಕಿದ: ಒಂದು ಪಾತ್ರಕ್ಕೆ ಸುಮಾರು ನಲವತ್ತು ಗಂಟೆಗಳ ಆಟ! ಒಂದು ವಾರದ ಕಚೇರಿಯ ದುಡಿಮೆಯಷ್ಟಾಯಿತು. ಜೊತೆಗೆ, ಹಣ ಕೊಟ್ಟು ಪೆಟ್ಟಿಗೆಗಳನ್ನು ಕೊಂಡವನಿಗೆ ಯುದ್ಧದಲ್ಲಿ ಹೆಚ್ಚಿನ ಬಲ ಬರುವ ಏರ್ಪಾಡೂ ಇತ್ತು.

ದೂರಿದವರಿಗೆ ಕಂಪೆನಿಯ ಪ್ರತಿನಿಧಿಗಳು ಅಂತರಜಾಲದ ರೆಡಿಟ್ ಎಂಬ ಚಾವಡಿಯಲ್ಲಿ ಕೊಟ್ಟ ಉತ್ತರ ಬೆಂಕಿಗೆ ತುಪ್ಪ ಸುರಿದಂತಾಯಿತು. ಕಷ್ಟಪಟ್ಟು ಗಳಿಸಿದಾಗ ಆಟಗಾರರಿಗೆ ಹೆಮ್ಮೆಯೂ ಸಾಧನೆಯ ತೃಪ್ತಿಯೂ ಆಗಲೆಂಬುದೇ ತಮ್ಮ ಉದ್ದೇಶವೆಂದು ಅವರು ಹೇಳಿದರು. ಆ ಒಂದು ಉತ್ತರಕ್ಕೆ ಆರು ಲಕ್ಷಕ್ಕೂ ಹೆಚ್ಚು ಮಂದಿ ಅಸಮ್ಮತಿಯ ಮುದ್ರೆಯೊತ್ತಿದರು. ಅದು ಗಿನ್ನೆಸ್ ದಾಖಲೆಯ ಪುಸ್ತಕವನ್ನೂ ಸೇರಿತು. ಕಂಪೆನಿಯು ವೇಡರನ ಬೆಲೆಯನ್ನು 15,000ಕ್ಕೆ ಇಳಿಸಿತು. ಆದರೆ ಅದೇ ಕೈಯಿಂದ, ಕಥಾಭಾಗವನ್ನು ಮುಗಿಸಿದವರಿಗೆ ದೊರೆಯುತ್ತಿದ್ದ ಬಹುಮಾನವನ್ನು 20,000ದಿಂದ 5,000ಕ್ಕೆ ಇಳಿಸಿತು. ಜನ ಇದನ್ನೂ ಕಂಡುಹಿಡಿದರು. ಕೊನೆಗೆ ನವೆಂಬರ್ 16ರಂದು, ಆಟದ ಅಧಿಕೃತ ಬಿಡುಗಡೆಗೆ ಒಂದು ದಿನ ಮುಂಚೆ, ಹಣದ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು. 2018ರ ಮಾರ್ಚಿಯಲ್ಲಿ ಇಡೀ ಪದ್ಧತಿಯನ್ನು ಬದಲಿಸಿ, ಬಲವನ್ನು ಆಡಿಯೇ ಗಳಿಸಬೇಕು, ಹಣಕ್ಕೆ ಸಿಗುವುದು ಪಾತ್ರಗಳ ಉಡುಗೆತೊಡುಗೆ ಮಾತ್ರ ಎಂದು ಮಾಡಿದರು.

ಇಲ್ಲೊಂದು ಸೋಜಿಗವನ್ನು ಗಮನಿಸಿ. ಉಡುಗೆತೊಡುಗೆ ಮಾತ್ರ ಎಂದರೆ ಏನು? ಅದೇ ಕುದುರೆಯ ಕವಚ! 2006ರಲ್ಲಿ ಜನ ಯಾವುದನ್ನು ಕಂಡು ನಕ್ಕರೋ, ಹನ್ನೆರಡು ವರ್ಷಗಳಲ್ಲಿ ಅದೇ ಅವರ ವಿಜಯವಾಗಿ ಬಂದಿತು. ಬಲ ಮಾರುವವನ ಮುಂದೆ ಬಣ್ಣ ಮಾರುವವನು ಸಾಧುವಾಗಿ ಕಂಡನು. ಒಂದು ಅನ್ಯಾಯವು ರೂಢಿಯಾಗಿ ನಿಲ್ಲುವುದು ಹೀಗೆಯೇ. ಅದಕ್ಕಿಂತ ದೊಡ್ಡದೊಂದು ಬಂದು ಪಕ್ಕದಲ್ಲಿ ನಿಂತಾಗ.

ಬ್ಯಾಟಲ್‌ಫ್ರಂಟ್ ಗದ್ದಲ ಕಾಯಿದೆಯ ಬಾಗಿಲನ್ನೂ ತಟ್ಟಿತು. 2018ರ ಏಪ್ರಿಲಿನಲ್ಲಿ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು, ‘ಫಿಫಾ 18’ ಮೊದಲಾದ ಮೂರು ಆಟಗಳಲ್ಲಿ ಹಣಕ್ಕೆ ಮಾರುವ ಪೆಟ್ಟಿಗೆಗಳು ಜೂಜೇ ಸರಿ ಎಂದಿತು. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪೆನಿಯು 2019ರ ಜನವರಿ ಕೊನೆಯಲ್ಲಿ ಅಲ್ಲಿ ಫಿಫಾ ಪಾಯಿಂಟ್‌ಗಳ ಮಾರಾಟವನ್ನು ನಿಲ್ಲಿಸಿತು. ನೆದರ್ಲೆಂಡ್ಸ್ ದೇಶದ ಜೂಜು ಪ್ರಾಧಿಕಾರವು ಅದೇ ಕಂಪೆನಿಗೆ ಒಂದು ಕೋಟಿ ಯೂರೋ ದಂಡ ವಿಧಿಸಿತು. ಆದರೆ 2022ರ ಮಾರ್ಚಿಯಲ್ಲಿ ಅಲ್ಲಿನ ಅತ್ಯುಚ್ಚ ಆಡಳಿತ ನ್ಯಾಯಾಲಯವು ಅದನ್ನು ರದ್ದುಮಾಡಿತು. ಬ್ರಿಟನ್ನಿನಲ್ಲಿ 2019ರ ಜೂನ್‌ನಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಕಂಪೆನಿಯ ಅಧಿಕಾರಿಯೊಬ್ಬರು, ಇವು ಜೂಜಲ್ಲ, ಮಕ್ಕಳ ಚಾಕೊಲೇಟಿನ ಮೊಟ್ಟೆಯಲ್ಲಿ ಆಟಿಕೆ ಬಂದಂತೆ ಅಚ್ಚರಿಯ ಏರ್ಪಾಡು ಎಂದು ವಾದಿಸಿದರು. ಸಮಿತಿಗೆ ಅದು ಒಪ್ಪಿಗೆಯಾಗಲಿಲ್ಲ. ಜೂಜಿನ ಕಾಯಿದೆಯಡಿ ತರಬೇಕೆಂದು ಸಲಹೆ ಮಾಡಿತು. ಆದರೆ 2022ರಲ್ಲಿ ಸರಕಾರವು ಕಾಯಿದೆ ತಿದ್ದದೆ, ಉದ್ಯಮವೇ ತನ್ನನ್ನು ತಿದ್ದಿಕೊಳ್ಳಲೆಂದು ಬಿಟ್ಟಿತು. ಒಂದೇ ಪೆಟ್ಟಿಗೆ, ಒಂದು ದೇಶದಲ್ಲಿ ಜೂಜು, ಸಮುದ್ರ ದಾಟಿದರೆ ಅಚ್ಚರಿ!

ಅಮೆರಿಕದಲ್ಲಿ ಚರ್ಚೆ ಬೇರೆ ದಾರಿ ಹಿಡಿಯಿತು. ಜೂಜೇ ಅಲ್ಲವೇ ಎಂಬುದಕ್ಕಿಂತ, ಮಕ್ಕಳ ಕೈಯಿಂದ ಹಿರಿಯರಿಗೆ ತಿಳಿಯದಂತೆ ಹಣ ಹೋಗುತ್ತಿದೆಯಲ್ಲ ಎಂಬುದು ಅಲ್ಲಿನ ವ್ಯಾಪಾರ ಆಯೋಗದ ಚಿಂತೆ. 2014ರ ಜನವರಿಯಲ್ಲಿ ಆಪಲ್ ಕಂಪೆನಿಯು ಇಂಥ ಖರೀದಿಗಳಿಗಾಗಿ ಕನಿಷ್ಠ 3 ಕೋಟಿ 25 ಲಕ್ಷ ಡಾಲರುಗಳನ್ನು ಗ್ರಾಹಕರಿಗೆ ಹಿಂದಿರುಗಿಸಲು ಒಪ್ಪಿತು. 2022ರ ಡಿಸೆಂಬರಿನಲ್ಲಿ ‘ಫೋರ್ಟ್‌ನೈಟ್’ ಆಟದ ಒಡೆಯರಾದ ಎಪಿಕ್ ಗೇಮ್ಸ್ ಒಟ್ಟು 52 ಕೋಟಿ ಡಾಲರುಗಳಿಗೆ ರಾಜಿಯಾಯಿತು. ಅದರಲ್ಲಿ 24 ಕೋಟಿ 50 ಲಕ್ಷವು, ಗುಂಡಿಗಳನ್ನು ಗೊಂದಲವಾಗುವಂತೆ ಜೋಡಿಸಿ ಬೇಡದ ಖರೀದಿ ಮಾಡಿಸಿದರೆಂಬ ದೂರಿಗೆ ಸಂಬಂಧಿಸಿದ ಮರುಪಾವತಿ. 2025ರ ಜನವರಿಯಲ್ಲಿ ‘ಗೆನ್ಶಿನ್ ಇಂಪ್ಯಾಕ್ಟ್’ ಆಟದವರು ಎರಡು ಕೋಟಿ ಡಾಲರ್ ತೆತ್ತು, ಹದಿನಾರು ವರ್ಷದೊಳಗಿನವರಿಗೆ ತಂದೆತಾಯಿಯ ಒಪ್ಪಿಗೆಯಿಲ್ಲದೆ ಪೆಟ್ಟಿಗೆಗಳನ್ನು ಮಾರುವುದಿಲ್ಲವೆಂದು ಒಪ್ಪಿಕೊಂಡರು.

ಆದರೆ ಆಟಗಾರರು ತಾವೇ ಬೀದಿಗಿಳಿದುದನ್ನು ನೋಡಬೇಕಾದರೆ ದಕ್ಷಿಣ ಕೊರಿಯಕ್ಕೆ ಹೋಗಬೇಕು. ಅಲ್ಲಿನ ನೆಕ್ಸಾನ್ ಕಂಪೆನಿಯ ‘ಮೇಪಲ್ ಸ್ಟೋರಿ’ 2003ರಿಂದ ನಡೆದುಬಂದ ಆಟ. ಅದರಲ್ಲಿ ‘ಕ್ಯೂಬ್’ ಎಂಬ ಒಂದು ಸರಕನ್ನು ಹಣ ಕೊಟ್ಟು ಕೊಂಡರೆ, ನಿಮ್ಮ ಆಯುಧದ ಗುಣಗಳು ಅದೃಷ್ಟದಂತೆ ಬದಲಾಗುತ್ತವೆ. 2021ರಲ್ಲಿ ಹೊರಬಿದ್ದ ಸತ್ಯವೇನೆಂದರೆ, ಜನ ಬಹಳವಾಗಿ ಬಯಸುತ್ತಿದ್ದ ಕೆಲವು ಗುಣಗಳ ಕೂಟವು ಬರುವ ಸಂಭವ ಕಡಮೆಯಲ್ಲ, ಸೊನ್ನೆ. ವರ್ಷಗಟ್ಟಲೆ ಹಣ ಸುರಿದವರು ಬೀಳಲಾರದ ಕಾಯಿಗೆ ಕಲ್ಲೆಸೆಯುತ್ತಿದ್ದರು. ಆ ವರ್ಷ ಕೊರಿಯದಲ್ಲಿ ಆಟಗಾರರು ಚಂದಾ ಎತ್ತಿ, ಲಾರಿಗಳ ಮೇಲೆ ಬೆಳಕಿನ ಫಲಕ ಕಟ್ಟಿ, ಕಂಪೆನಿಗಳ ಕಚೇರಿಗಳ ಮುಂದೆ ತಮ್ಮ ದೂರನ್ನು ಮೆರೆಸಿದರು. ಕೂಗಿಲ್ಲ, ಕಲ್ಲಿಲ್ಲ, ಅಕ್ಷರಗಳು ಮಾತ್ರ ಮಿನುಗುತ್ತಿದ್ದುವು. 2022ರ ಆಗಸ್ಟಿನಲ್ಲಿ ಕುದುರೆ ಪಂದ್ಯದ ಕಥೆಯುಳ್ಳ ‘ಉಮಾ ಮುಸುಮೆ’ ಎಂಬ ಆಟದವರು, ಕಾಕಾವ್ ಗೇಮ್ಸ್ ಕಂಪೆನಿಯ ಕಚೇರಿಯ ಮುಂದೆ ನಿಜವಾದ ಕುದುರೆಗಾಡಿಯನ್ನೇ ಓಡಿಸಿದರು! ಜಪಾನಿನ ಆಟಗಾರರಿಗೆ ಸಿಗುವ ಸೌಲಭ್ಯ ತಮಗೇಕಿಲ್ಲವೆಂಬುದು ಅವರ ದೂರು. 2024ರ ಜನವರಿಯಲ್ಲಿ ಕೊರಿಯದ ವ್ಯಾಪಾರ ಆಯೋಗವು ನೆಕ್ಸಾನ್ ಕಂಪೆನಿಗೆ 1,160 ಕೋಟಿ ವಾನ್ ದಂಡ ವಿಧಿಸಿತು. ಅದೇ ವರ್ಷದ ಮಾರ್ಚ್ 22ರಿಂದ, ಯಾವ ಸರಕು ಬರುವ ಸಂಭವ ನೂರಕ್ಕೆಷ್ಟು ಎಂಬುದನ್ನು ಪ್ರಕಟಿಸಲೇಬೇಕೆಂಬ ಕಾಯಿದೆ ಜಾರಿಗೆ ಬಂದಿತು. ಚೀನದಲ್ಲಿ ಇಂಥ ನಿಯಮ 2017ರ ಮೇ ತಿಂಗಳಿಂದಲೇ ಇದೆ.

ಇಷ್ಟನ್ನು ಕೇಳಿ, ಆಟ ಮಾಡುವವರೆಲ್ಲ ದುರಾಶೆಯವರೆಂದು ನೀವು ತೀರ್ಮಾನಿಸಬಾರದು. ಅವರ ಪಕ್ಷದ ಮಾತನ್ನೂ ಕೇಳುವುದು ನ್ಯಾಯ. ದೊಡ್ಡ ಆಟವೊಂದರ ಬೆಲೆ 2005ರ ಸುಮಾರಿಗೆ ಅರವತ್ತು ಡಾಲರ್ ಆಗಿದ್ದುದು 2020ರವರೆಗೂ ಹಾಗೆಯೇ ನಿಂತಿತ್ತು. ಆ ಬಳಿಕವೇ ಎಪ್ಪತ್ತಕ್ಕೆ ಏರಿತು. ಈ ಹದಿನೈದು ವರ್ಷಗಳಲ್ಲಿ ಅಕ್ಕಿ ಬೇಳೆಯ ಬೆಲೆ ನಿಂತಿತ್ತೆ? ಆಟ ಕಟ್ಟುವ ಖರ್ಚಂತೂ ಹಲವು ಮಡಿಯಾಯಿತು. ನೂರಾರು ಜನ ವರ್ಷಗಟ್ಟಲೆ ದುಡಿಯಬೇಕು. ಉಚಿತ ಆಟಗಳಿಂದಾಗಿ, ದುಬಾರಿ ಯಂತ್ರ ಕೊಳ್ಳಲಾಗದ ಕೋಟ್ಯಂತರ ಬಡವರ ಮಕ್ಕಳೂ ಆಡುವಂತಾಯಿತೆಂಬುದು ಸುಳ್ಳಲ್ಲ. ಯಾರೋ ಕೆಲವರು ಕುದುರೆಗೆ ಕವಚ ಕೊಂಡುದರಿಂದ ಉಳಿದವರೆಲ್ಲ ಬಿಟ್ಟಿಯಾಗಿ ಸವಾರಿ ಮಾಡಿದರು.

ಮಾತು ಸರಿ. ಆದರೆ ಇನ್ನೊಂದು ದಾರಿ ಇರಲಿಲ್ಲವೆ? ಇತ್ತು. ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ ಸಂಸ್ಥೆಯು 2015ರಲ್ಲಿ ‘ವಿಚರ್ 3’ ಎಂಬ ಆಟವನ್ನು ತಂದಾಗ, ಹದಿನಾರು ಸಣ್ಣಪುಟ್ಟ ಸೇರಿಕೆಗಳನ್ನು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿತು. ಎರಡು ದೊಡ್ಡ ವಿಸ್ತರಣೆಗಳಿಗೆ ಮಾತ್ರ ಹಣ ಕೇಳಿತು. ಎರಡನೆಯದಾದ ‘ಬ್ಲಡ್ ಅಂಡ್ ವೈನ್’ 2016ರಲ್ಲಿ, ಸ್ವತಂತ್ರ ಆಟಗಳ ಜೊತೆಗೇ ಸ್ಪರ್ಧಿಸಿ ತನ್ನ ವರ್ಗದ ವರ್ಷದ ಪ್ರಶಸ್ತಿಯನ್ನು ಗೆದ್ದಿತು. 2023ರಲ್ಲಿ ಬೆಲ್ಜಿಯಂ ದೇಶದ ಲೇರಿಯನ್ ಸಂಸ್ಥೆಯ ‘ಬಾಲ್ಡರ್ಸ್ ಗೇಟ್ 3’ ಆಟದೊಳಗೆ ಅಂಗಡಿಯೇ ಇಲ್ಲದೆ ಬಂದು, ಅಪಾರವಾಗಿ ಮಾರಾಟವಾಯಿತು. ಜನ ಹಣ ಕೊಡಲಾರರೆಂಬುದು ನೆಪವೆಂದು ಇವೆರಡೂ ತೋರಿಸಿದುವು.

ನಮ್ಮ ದೇಶದ ಮಾತೇನು? 2021ರ ಜುಲೈಯಲ್ಲಿ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯ’ ಎಂಬ ಆಟ ಬಂದಾಗ, ಹದಿನೆಂಟರೊಳಗಿನವರು ದಿನಕ್ಕೆ ಏಳು ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡಬಾರದೆಂದು ಮಿತಿಯಿಟ್ಟಿದ್ದರು. ದಿನಕ್ಕೆ ಏಳು ಸಾವಿರ! ನಮ್ಮಲ್ಲಿ ಎಷ್ಟೋ ಸಂಸಾರಗಳಿಗೆ ಅದು ತಿಂಗಳ ದಿನಸಿಯ ಬೆಲೆ. ಕರ್ನಾಟಕವು 2021ರಲ್ಲಿ ಪಣವೊಡ್ಡುವ ಅಂತರಜಾಲದ ಆಟಗಳನ್ನು ನಿಷೇಧಿಸಿ ಪೋಲೀಸು ಕಾಯಿದೆಯನ್ನು ತಿದ್ದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನು ತಳ್ಳಿಹಾಕಿತು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಇಡೀ ದೇಶಕ್ಕೆ ಅನ್ವಯಿಸುವಂತೆ ಹಣದ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ಇವೆರಡರ ಗುರಿಯೂ ಹಣವೊಡ್ಡಿ ಹಣ ಗೆಲ್ಲುವ ಆಟ. ಆದರೆ ಪೆಟ್ಟಿಗೆ ಕೊಳ್ಳುವ ಹುಡುಗನು ಹಣ ಗೆಲ್ಲಲೆಂದು ಕೊಳ್ಳುವವನಲ್ಲ. ಅವನಿಗೆ ಬೇಕಾದುದು ಒಂದು ಚಿತ್ರದ ಕತ್ತಿ, ಒಂದು ಬಣ್ಣದ ಅಂಗಿ, ಗೆಳೆಯರ ಮುಂದೆ ಒಂದಿಷ್ಟು ಮೆರೆತ. ಕಳೆದುಕೊಳ್ಳುವುದು ನಿಜವಾದ ಹಣ, ಗೆಲ್ಲುವುದು ನೆರಳು. ಈ ವ್ಯವಹಾರವನ್ನು ಅಳೆಯಲು ಜೂಜಿನ ಹಳೆಯ ಗಜಕಡ್ಡಿ ಸಾಲದು. ಬೆಲೆಯನ್ನು ರೂಪಾಯಿಯಲ್ಲೇ ಬರೆಯಬೇಕು, ಸಂಭವವನ್ನು ಎದುರಿಗೇ ಹೇಳಬೇಕು, ಮಕ್ಕಳ ಖರೀದಿಗೆ ಹಿರಿಯರ ಒಪ್ಪಿಗೆ ಬೇಕು ಎಂಬ ಮೂರು ಸರಳ ನಿಯಮಗಳು ಬೇರೆ ದೇಶಗಳ ಅನುಭವದಿಂದ ನಮಗೆ ದೊರೆಯುವ ಪಾಠ.

ಕಾಯಿದೆಯೊಂದರಿಂದಲೇ ಎಲ್ಲವೂ ಆಗದೆಂಬುದಕ್ಕೂ ಅನುಭವವಿದೆ. ಬೆಲ್ಜಿಯಂನಲ್ಲಿ ನಿಷೇಧ ಬಂದು ನಾಲ್ಕು ವರ್ಷಗಳ ಬಳಿಕ, ಅಲ್ಲಿ ಅತ್ಯಂತ ಹೆಚ್ಚು ಗಳಿಸುತ್ತಿದ್ದ ನೂರು ಫೋನ್ ಆಟಗಳನ್ನು ಸಂಶೋಧಕರು ಪರೀಕ್ಷಿಸಿದರು. ಎಂಬತ್ತೆರಡರಲ್ಲಿ ಪೆಟ್ಟಿಗೆಗಳು ಹಾಗೆಯೇ ಇದ್ದುವು. ಕಾವಲುಗಾರನಿಲ್ಲದ ಬೇಲಿಯನ್ನು ದನ ದಾಟದೆ ಇದ್ದೀತೆ? ಈ ಇಡೀ ಚರಿತ್ರೆಯಲ್ಲಿ ಕಂಪೆನಿಗಳು ಹಿಂದೆ ಸರಿದುದು ಹೆಚ್ಚಾಗಿ ಆಟಗಾರರು ಲೆಕ್ಕ ಹಾಕಿದಾಗ. ನಲವತ್ತು ಗಂಟೆಯೆಂದು ಎಣಿಸಿದವನು ಒಬ್ಬ ಸಾಮಾನ್ಯ ಆಟಗಾರ. ಇಳಿಸಿದ ಬಹುಮಾನವನ್ನು ಗುರುತಿಸಿದವರೂ, ಸೊನ್ನೆಯ ಸಂಭವವನ್ನು ಬಯಲಿಗೆಳೆಯುವಂತೆ ಒತ್ತಾಯಿಸಿದವರೂ ಆಟಗಾರರೇ. ಬೈಗುಳಕ್ಕಿಂತ ಗಣಿತ ಹೆಚ್ಚು ಕೆಲಸ ಮಾಡಿತು.

2025ರ ಏಪ್ರಿಲಿನಲ್ಲಿ ‘ಆಬ್ಲಿವಿಯನ್’ ಆಟವು ಹೊಸ ರೂಪದಲ್ಲಿ ಮತ್ತೆ ಬಂದಿತು. ಹತ್ತು ಡಾಲರ್ ಹೆಚ್ಚಿಗೆ ಕೊಟ್ಟವರಿಗೆ ಮೀಸಲಾದ ಸರಕುಗಳಲ್ಲಿ ಏನೇನಿತ್ತು ಬಲ್ಲಿರಾ? ಹೊಸ ಕುದುರೆಯ ಕವಚಗಳು! ಈ ಸಲ ಬೈದವರು ಕಡಮೆ. ಹಳೆಯ ನೆಂಟನನ್ನು ಕಂಡಂತೆ ಜನ ನಕ್ಕು ಸುಮ್ಮನಾದರು. ಹತ್ತೊಂಬತ್ತು ವರ್ಷಗಳಲ್ಲಿ ಕವಚ ಬದಲಾಗಲಿಲ್ಲ, ನಮ್ಮ ಕಣ್ಣು ಬದಲಾಯಿತು. ನಿಮ್ಮ ಮನೆಯ ಮಗುವು ಫೋನು ಹಿಡಿದು ಬಂದು, “ಇದಕ್ಕೆ ಇನ್ನೂರು ಹರಳು ಸಾಕು, ಕೊಡಿಸು” ಎಂದಾಗ, ಕೂಡಲೇ ಗದರಿಸಬೇಡಿ, ಕೂಡಲೇ ಕೊಡಿಸಲೂ ಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಹರಳಿಗೆ ಎಷ್ಟು ರೂಪಾಯಿ, ಇನ್ನೂರಕ್ಕೆ ಎಷ್ಟು, ಎಷ್ಟರ ಕಟ್ಟನ್ನು ಕೊಳ್ಳಬೇಕು, ಎಷ್ಟು ಉಳಿಯುತ್ತದೆ ಎಂದು ಅದರ ಕೈಯಿಂದಲೇ ಲೆಕ್ಕ ಮಾಡಿಸಿ. ಆ ಬಳಿಕ ಕೊಳ್ಳುವುದೋ ಬಿಡುವುದೋ ಅದರ ಜೊತೆಯಲ್ಲಿಯೇ ಮಾತಾಡಿ ತೀರ್ಮಾನಿಸಬಹುದು.